ಗಾಜಿನ ತೊಟ್ಟಿಯಲ್ಲೊಂದು ತುಂಗೆಯ ಬಂಡೆ

ನಿವೃತ್ತಿಯ ನಂತರ ಕಾಲವನ್ನು ಹೇಗೆ ಕಳೆಯುತ್ತೀರಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಓದು, ಬರಹ, ವಾಯುವಿಹಾರ ಎಂಬ ಸಿದ್ಧ ಉತ್ತರವನ್ನೇ ಇದುವರೆಗೆ ಕೊಡುತ್ತಿದ್ದೆ. ಈ ವರ್ಷ ಅದಕ್ಕೆ ಗಾರೆ ಕೆಲಸವನ್ನೂ ಸೇರಿಸಬೇಕಾಗಿದೆ. ಆ ಕೆಲಸದಲ್ಲಿ ನನ್ನಿಂದಾದ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುವುದೇ ಈ ಬರಹದ ಉದ್ದೇಶ.

ನಮ್ಮ ಮೊಮ್ಮಗನಿಗೆ ಒಂಬತ್ತು ವರ್ಷ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುವಾಗ, ತಾನು ಸಾಕಿದ್ದ ಆರು ಗಪ್ಪಿ ಮೀನುಗಳನ್ನೂ ಜೊತೆಗೆ ತಂದಿದ್ದ. ಅವರು ಮನೆ ಬದಲಾಯಿಸುವವರಿದ್ದುದರಿಂದ ಮೀನುಗಳು ಕೆಲವು ಕಾಲ ನಮ್ಮಲ್ಲಿಯೇ ಇರಲಿ ಎಂದು ತೀರ್ಮಾನವಾಯಿತು. ಅವುಗಳಿಗಾಗಿ ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ಕೊಂಡೆ. ಹಿಂಬದಿಗೆ ಅಂಟಿಸಲು ಅಂಗಡಿಯಾತ ಹವಳದ ದಿಬ್ಬಗಳ ನೀಲಿ ಚಿತ್ರವೊಂದನ್ನು ಕೊಟ್ಟ. ಮೊಮ್ಮಗ ಅದನ್ನು ನೋಡಿ, "ಅಜ್ಜ, ಗಪ್ಪಿ ಸಮುದ್ರದ ಮೀನಲ್ಲವಲ್ಲ, ಹಿಂದೆ ಸಮುದ್ರ ಯಾಕೆ?" ಎಂದ. ಹಿಂದಿನ ವಾರವಷ್ಟೇ ತೀರ್ಥಹಳ್ಳಿಯಲ್ಲಿ ತುಂಗೆಯ ನಡುವಿನ ಕಪ್ಪು ಬಂಡೆಗಳನ್ನು ನೋಡಿ ಬಂದಿದ್ದೆವು. "ಅಂಥ ಬಂಡೆಯನ್ನೇ ನಾವು ಮಾಡೋಣ" ಎಂದುಬಿಟ್ಟೆ.

ನಿಜವಾದ ಕಲ್ಲನ್ನು ಜೋಡಿಸಿದರೆ ಗಾಜು ಭಾರ ತಾಳದು. ಆದ್ದರಿಂದ ಥರ್ಮೋಕೋಲಿನ ಮೇಲೆ ಸಿಮೆಂಟು ಲೇಪಿಸುವ ಉಪಾಯವನ್ನು ಹಿಡಿದೆ. ಹೊಸ ಟಿವಿಯ ಪೆಟ್ಟಿಗೆಯೊಳಗಿನ ಥರ್ಮೋಕೋಲು ಅಟ್ಟದ ಮೇಲಿತ್ತು. ಹಳೆಯ ಚಾಕುವಿನಿಂದ ಅದನ್ನು ಕೆತ್ತಿ, ಕೈಯಿಂದ ಮುರಿದು, ಬಂಡೆಯ ಸೀಳು, ಪೊಟರೆ, ಚಾಚುಗಳನ್ನು ಮೂಡಿಸಿದೆವು. ಅಂಗಳವೆಲ್ಲ ಬಿಳಿಯ ಕಾಳು. ಮೂರು ದಿನ ಗುಡಿಸಿದರೂ ಮುಗಿಯಲಿಲ್ಲವೆಂದು ನನ್ನ ಶ್ರೀಮತಿಯ ದೂರು ಇಂದಿಗೂ ಇದೆ.

ಇಲ್ಲಿ ಆರ್ಕಿಮಿಡೀಸನನ್ನು ಮರೆಯುವಂತಿಲ್ಲ. ತೊಟ್ಟಿಯ ಹಿಂಬದಿಯನ್ನೆಲ್ಲ ಆವರಿಸುವ, ಸರಾಸರಿ ಎರಡು ಅಂಗುಲ ದಪ್ಪದ ಬಂಡೆ ಸುಮಾರು 21 ಲೀಟರು ನೀರನ್ನು ಪಲ್ಲಟಗೊಳಿಸುತ್ತದೆ. ಅಂದರೆ ಸುಮಾರು 21 ಕಿಲೋ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಸಿಮೆಂಟಿನ ತೂಕವನ್ನು ಕಳೆದರೂ ಹತ್ತು ಕಿಲೋಗೆ ಮೀರಿದ ಬಲ ಉಳಿಯುತ್ತದೆ. ಅಂಟು ಸಾಲದಿದ್ದರೆ ಬಂಡೆ ಒಂದು ದಿನ ತೆಪ್ಪದಂತೆ ತೇಲುವುದು ಖಂಡಿತ. ತೊಟ್ಟಿಗಳನ್ನು ಜೋಡಿಸಲು ಬಳಸುವ ಸಿಲಿಕೋನನ್ನು ಹಿಂಬದಿಗೂ ತಳಕ್ಕೂ ಧಾರಾಳವಾಗಿ ಹಚ್ಚಿ ಥರ್ಮೋಕೋಲನ್ನು ಅಂಟಿಸಿ, ಎರಡು ದಿನ ಮುಟ್ಟದೆ ಬಿಟ್ಟೆವು. ಒಣಗುವಾಗ ಅದು ವಿನೆಗರಿನಂತೆ ನಾರುತ್ತದೆ. ಅದು ಅಸಿಟಿಕ್ ಆಮ್ಲದ ವಾಸನೆಯೆಂದು ಹೇಳಿದಾಗ ಮೊಮ್ಮಗ ಮೂಗು ಹಿಡಿದುಕೊಂಡೇ ತಲೆಯಾಡಿಸಿದ.

ಬಳಿಕ ತೊಟ್ಟಿಯನ್ನು ಬೆನ್ನ ಮೇಲೆ ಮಲಗಿಸಿ ಸಿಮೆಂಟಿನ ಕೆಲಸ. ಮೊದಲ ಲೇಪ ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗೆ, ಬ್ರಷ್ಷಿನಲ್ಲಿ. ಮುಂದಿನ ಮೂರು ಲೇಪಗಳು ಕ್ರಮವಾಗಿ ಗಟ್ಟಿ, ಜರಡಿ ಹಿಡಿದ ಮರಳು ಸೇರಿಸಿ. ಕೊನೆಯ ಲೇಪಕ್ಕೆ ನೆಲಕ್ಕೆ ಹಾಕುವ ಕಪ್ಪು ಆಕ್ಸೈಡು, ಅಲ್ಲಲ್ಲಿ ಚೂರು ಕೆಂಪು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಆದ್ದರಿಂದ ಒದ್ದೆ ಗೋಣಿತಾಟು ಹೊದಿಸಿ, ದಿನಕ್ಕೆ ಮೂರು ಬಾರಿ ನೀರು ಚಿಮುಕಿಸಿದೆವು. ತಾಟು ತೆಗೆದಾಗ ಬಂಡೆ ಬಂಡೆಯಂತೆಯೇ ಕಂಡಿತು. ನನಗೆ ಹೆಮ್ಮೆಯಾಯಿತು.

ತಪ್ಪಾದದ್ದು ಆ ಮೇಲೆ. ಮೊಮ್ಮಗ ಭಾನುವಾರ ಊರಿಗೆ ಮರಳಬೇಕಿತ್ತು. ಮೀನುಗಳು ಬಂಡೆಯ ನಡುವೆ ಈಜುವುದನ್ನು ನೋಡಿಯೇ ಹೋಗಬೇಕೆಂದು ಅವನಿಗೆ ಆಸೆ, ತೋರಿಸಬೇಕೆಂದು ನನಗೆ ಅವನಿಗಿಂತ ಹೆಚ್ಚಿನ ಆಸೆ. ಎರಡು ಸಲ ನೀರು ತುಂಬಿ ಚೆಲ್ಲಿ, ಮೂರನೆಯ ಸಲ ತುಂಬಿ, ಶನಿವಾರ ಸಂಜೆ ಆರೂ ಮೀನುಗಳನ್ನು ಬಿಟ್ಟೆ. ಬೆಳಗಾಗುವಷ್ಟರಲ್ಲಿ ನಾಲ್ಕು ಸತ್ತು ತೇಲುತ್ತಿದ್ದವು. ಉಳಿದೆರಡನ್ನು ಹಳೆಯ ಬೋಗುಣಿಗೆ ವರ್ಗಾಯಿಸಿದ್ದರಿಂದ ಬದುಕಿಕೊಂಡವು.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದು, "ಅಜ್ಜ, ನೀವು ಸೈನ್ಸ್ ಮೇಷ್ಟ್ರಲ್ವಾ?" ಎಂದು ಕೇಳಿದ. ನಾನು ಕೊಟ್ಟ ಉತ್ತರವನ್ನು ಬರೆಯಲು ನಾಚಿಕೆಯಾಗುತ್ತದೆ. "ಮೀನುಗಳಿಗೆ ಮೊದಲೇ ಏನೋ ರೋಗವಿತ್ತು ಕಂದ" ಎಂದೆ. ಅವನು ನಂಬಿದ. ತನ್ನ ಆರೈಕೆಯಲ್ಲಿಯೇ ಏನೋ ಕೊರತೆಯಾಗಿತ್ತೆಂದು ತಿಳಿದು, ಅಳುತ್ತಲೇ ಬಸ್ಸು ಹತ್ತಿದ.

ಅವರನ್ನು ಕಳುಹಿಸಿ ಬಂದು ತೊಟ್ಟಿಯ ಮುಂದೆ ಕುಳಿತೆ. ನೀರಿನ ಮೇಲೆ ತೆಳುವಾದ ಬಿಳಿಯ ಕೆನೆ ಕಟ್ಟಿತ್ತು. ನನ್ನ ವಿದ್ಯಾರ್ಥಿಗಳಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಅದನ್ನು ಹಾಲಿನಂತೆ ಬೆಳ್ಳಗಾಗಿಸಿದ ನೆನಪು ನಿಮಗೆಲ್ಲ ಇದ್ದೇ ಇರುತ್ತದೆ. ಸಿಮೆಂಟು ನೀರಿನೊಡನೆ ಕೂಡುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಹೊರಬೀಳುತ್ತದೆ. ಅದು ತೊಟ್ಟಿಯ ನೀರನ್ನು ಪ್ರಬಲ ಪ್ರತ್ಯಾಮ್ಲವಾಗಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ತಗುಲಿದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಆ ಕೆನೆ ಕಟ್ಟುತ್ತದೆ. ಹಳೆಯ ಪೆಟ್ಟಿಗೆಯಿಂದ ಕೆಂಪು ಲಿಟ್ಮಸ್ ಕಾಗದ ಹುಡುಕಿ ಅದ್ದಿದೆ. ಅದ್ದಿದೊಡನೆಯೇ ನೀಲಿಯಾಯಿತು. ಮೀನುಗಳಿಗೆ ಯಾವ ರೋಗವೂ ಇರಲಿಲ್ಲ.

ಆ ಕೆನೆ ಇನ್ನೊಂದು ನೆನಪನ್ನೂ ತಂದಿತು. ಸುಮಾರು ಮೂವತ್ತು ವರ್ಷಗಳ ಹಿಂದೆ, ಇದೇ ಪಾಠ ಮಾಡುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಗಾರೆ ಕೆಲಸದವರ ಮಗ. "ಸಾರ್, ಹೊಸ ತೊಟ್ಟಿ ನೀರಿನ ಮೇಲೂ ಹಿಂಗೇ ಬೆಳ್ಳಗೆ ಬರ್ತದೆ. ನಮ್ಮಪ್ಪ ಅದ್ರಲ್ಲಿ ಬಾಳೆದಿಂಡು ಕೊಳೆ ಹಾಕ್ತಾರೆ. ಇಲ್ದಿದ್ರೆ ಮೀನು ಬಿಟ್ರೆ ಸಾಯ್ತವೆ" ಎಂದ. ತರಗತಿ ನಕ್ಕಿತು. ನಾನು, "ಪರೀಕ್ಷೆಯಲ್ಲಿ ಬಾಳೆದಿಂಡು ಬರೆಯಬೇಡ, ಕುಳಿತುಕೋ" ಎಂದೆ. ತರಗತಿ ಇನ್ನೂ ಜೋರಾಗಿ ನಕ್ಕಿತು. ಆ ವರ್ಷ ಅವನು ಮತ್ತೆ ಎದ್ದು ನಿಂತದ್ದು ನನಗೆ ನೆನಪಿಲ್ಲ.

ಅಂದು ಆ ಪಾಠವನ್ನು ನಿಜವಾಗಿ ಬಲ್ಲವನು ಅವನೊಬ್ಬನೇ ಆಗಿದ್ದ. ನನ್ನ ಸುಣ್ಣದ ತಿಳಿನೀರು ಗಾಜಿನ ಲೋಟದಲ್ಲಿತ್ತು, ಅವನದು ತೊಟ್ಟಿಯಲ್ಲಿತ್ತು. ಎರಡೂ ಒಂದೇ ಎಂದು ಹೇಳಿ ತರಗತಿಯನ್ನು ತೊಟ್ಟಿಯ ಬಳಿಗೆ ಕರೆದೊಯ್ಯಬೇಕಾದವನು ನಾನು. ಸೂತ್ರವನ್ನು ಕರಿಹಲಗೆಯ ಮೇಲೆಯೇ ಬಿಟ್ಟುಬಂದ ನನಗೆ, ಅದು ನನ್ನ ಮನೆಯ ನಡುಕೋಣೆಯಲ್ಲಿಯೇ ನಡೆದಾಗ ಗುರುತು ಸಿಗಲಿಲ್ಲ.

ಮರುದಿನವೇ ಹಿತ್ತಿಲಿನ ಬಾಳೆಯ ದಿಂಡನ್ನು ಹೋಳು ಮಾಡಿ ತೊಟ್ಟಿಗೆ ಹಾಕಿದೆ. ಕೊಳೆಯುವ ದಿಂಡಿನಿಂದ ಹೊರಬರುವ ಆಮ್ಲಗಳೂ ಇಂಗಾಲದ ಡೈಆಕ್ಸೈಡೂ ಸುಣ್ಣವನ್ನು ತಟಸ್ಥಗೊಳಿಸುತ್ತವೆ. ವಾಸನೆಯನ್ನು ಮಾತ್ರ ಸಹಿಸಿಕೊಳ್ಳಬೇಕು. ವಾರದ ಬಳಿಕ ಅದನ್ನು ತೆಗೆದು ತೊಳೆದು, ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತ, ಪ್ರತಿ ಸಲವೂ ಪರೀಕ್ಷಿಸುತ್ತ ಹೋದೆ. ಐದು ವಾರ ಹಿಡಿಯಿತು. ತುಂಬಿಟ್ಟ ನೀರಿನ ಪಿಎಚ್ ಒಂದು ವಾರವಾದರೂ ಏಳೂವರೆಯ ಆಸುಪಾಸಿನಲ್ಲಿಯೇ ನಿಂತ ಮೇಲೆ, ಉಳಿದೆರಡು ಮೀನುಗಳನ್ನು ಬಿಟ್ಟೆ. ಅವು ಈಗ ಮರಿಹಾಕಿವೆ. ಮರಿಗಳು ಬಂಡೆಯ ಪೊಟರೆಗಳಲ್ಲಿ ಅಡಗುತ್ತವೆ.

ಮೊಮ್ಮಗನಿಗೆ ದೂರವಾಣಿಯಲ್ಲಿ ನಿಜವನ್ನು ಹೇಳಿದೆ. "ಮೀನಿಗೆ ರೋಗವಿರಲಿಲ್ಲ. ನೀನು ಚೆನ್ನಾಗಿಯೇ ಸಾಕಿದ್ದೆ. ಅವಸರಪಟ್ಟದ್ದು ನಾನು, ಸುಳ್ಳು ಹೇಳಿದ್ದೂ ನಾನು." ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಮರಿ ಎಷ್ಟಿವೆ ಅಜ್ಜ?" ಎಂದ.

ಇನ್ನು ಉಳಿದದ್ದು ಆ ಹುಡುಗ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂದು ನಕ್ಕವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಅವನು ಈಗ ಎಲ್ಲಿದ್ದಾನೆಂದು ನನಗೆ ತಿಳಿಸಿ. ಉತ್ತರ ಸರಿಯಾಗಿತ್ತೆಂದು ಅವನಿಗೆ ನಾನೇ ಹೇಳಬೇಕಾಗಿದೆ.