ಒಣಹೊಳೆಗೆ ದಡ ಕಟ್ಟುವುದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದೊಡನೆ ಕೇಳಿದವರ ಕಣ್ಣಿಗೆ ಕಟ್ಟುವುದು ಬಂಡೆ, ಜಾಲಿ, ಕಡಲೆಕಾಯಿಯ ಹೊಲ ಮತ್ತು ಬರಗಾಲ. ಇಂಥ ಸೀಮೆಯಲ್ಲಿ ಪ್ರವಾಹ ತಡೆಯುವ ಮಾತನ್ನೆತ್ತುವುದು ಬೋಳುತಲೆಯವನಿಗೆ ಬಾಚಣಿಗೆಯ ಚಿಂತೆ ಹಚ್ಚಿದಂತೆ ಎಂದು ಮಲೆನಾಡಿನ ಸಹೋದ್ಯೋಗಿ ಮಿತ್ರರೊಬ್ಬರು ನಕ್ಕದ್ದುಂಟು. ನಗುವವರು ನಗಲಿ. ಮಲೆನಾಡಿನ ಹೊಳೆ ವರ್ಷವರ್ಷವೂ ಉಕ್ಕಿ ತನ್ನ ಎಲ್ಲೆಯನ್ನು ಜನಕ್ಕೆ ನೆನಪಿಸುತ್ತಲೇ ಇರುತ್ತದೆ. ನಮ್ಮ ಹೊಳೆಯ ಬಗೆಯೇ ಬೇರೆ. ಅದು ಹತ್ತು ವರ್ಷ ಬರಿಯ ಮರಳಾಗಿ ಮಲಗಿದ್ದು, ಯಾವುದೋ ಒಂದು ರಾತ್ರಿ ಎದ್ದು ಕುಳಿತುಕೊಳ್ಳುತ್ತದೆ. ಅಷ್ಟರಲ್ಲಿ ನಾವು ಅದರ ಹಾಸಿಗೆಯ ಮೇಲೆ ತೋಟ ಮಾಡಿ, ಮನೆ ಕಟ್ಟಿ, ಕಂದಾಯವನ್ನೂ ಕಟ್ಟಿರುತ್ತೇವೆ.

ದೇವರಾಯನದುರ್ಗದ ಒಂದೇ ಬೆಟ್ಟದಿಂದ ಇಬ್ಬರು ಹೆಣ್ಣುಮಕ್ಕಳು ಹೊರಡುತ್ತಾರೆ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿಯನ್ನು ಕೂಡಿ ದೊಡ್ಡ ಮನೆಯ ಸೊಸೆಯಾದಳು. ಜಯಮಂಗಲಿ ಈಶಾನ್ಯಕ್ಕೆ ತಿರುಗಿ ಬಡವರ ಊರುಗಳ ದಾರಿ ಹಿಡಿದಳು. ತೀತಾ ಜಲಾಶಯವನ್ನು ದಾಟಿ, ಕೊರಟಗೆರೆಯ ಮಗ್ಗುಲಿನ ಸುವರ್ಣಮುಖಿಯನ್ನು ಕೂಡಿಕೊಂಡು, ಪುರವರ, ಕೊಡಿಗೇನಹಳ್ಳಿಗಳ ಸೀಮೆಯನ್ನು ಹಾಯ್ದು, ಆಂಧ್ರದ ನೆಲದಲ್ಲಿ ಉತ್ತರ ಪಿನಾಕಿನಿಗೆ ಸೇರುತ್ತಾಳೆ. ಆ ಪಿನಾಕಿನಿಯೇ ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನೂ ಮುಟ್ಟಿ ಹೋಗುವುದು. ಶಿರಾದ ಹಳ್ಳಗಳು ಬಹುಪಾಲು ವೇದಾವತಿಯ ಕಡೆಗೆ ಮುಖಮಾಡಿದವು. ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳ ಧಾಮಕ್ಕೂ ಜಯಮಂಗಲಿಯದೇ ಹೆಸರು. ನೀರಿಗಿಂತ ಹೆಸರೇ ಹೆಚ್ಚು ದೂರ ಹರಿದಿದೆ ಎನ್ನಬಹುದು.

ನನ್ನ ಸೋದರಮಾವನ ತೆಂಗಿನ ತೋಟ ಮಧುಗಿರಿ ತಾಲ್ಲೂಕಿನಲ್ಲಿ ಈ ಹೊಳೆಯ ಒಂದು ತಿರುವಿನ ಹೊರಮೈಯಲ್ಲಿದೆ. ಬಾಲ್ಯದ ಬೇಸಗೆಗಳನ್ನು ನಾನು ಅಲ್ಲಿ ಕಳೆದೆ. ಆಗ ಮರಳಿನಲ್ಲಿ ಮೊಳದುದ್ದ ಕೈಯಾಡಿಸಿದರೆ ತಿಳಿನೀರು ಜಿನುಗುತ್ತಿತ್ತು. ಈ ಸೀಮೆಗೆಲ್ಲ ಹೆಸರು ತಂದ ತಲಪರಿಗೆ ಅದೇ. ಮರಳಿನ ಒರತೆಯನ್ನು ಕಾಲುವೆ ತೋಡಿ ಗದ್ದೆಗೆ ಹರಿಸಿಕೊಳ್ಳುವ ಹಳೆಯ ಜಾಣತನ. ವರ್ಷಕ್ಕೊಮ್ಮೆ ಊರವರೆಲ್ಲ ಗುದ್ದಲಿ ಹಿಡಿದು ಹೂಳು ತೆಗೆಯಬೇಕಿತ್ತು. ಆಮೇಲೆ ಕೊಳವೆಬಾವಿಗಳು ಬಂದವು, ನಗರಗಳಲ್ಲಿ ಮನೆಗಳೆದ್ದವು, ಮರಳು ಲಾರಿಯೇರಿತು. ಒರತೆ ಒಣಗಿದ್ದನ್ನು ಎಲ್ಲರೂ ಕಂಡರು. ಹೊಳೆಯ ತಳ ಆಳಿನಾಳ ಕುಸಿದದ್ದನ್ನು ಬಹಳ ಜನ ಕಾಣಲಿಲ್ಲ.

ದಡವೆಂಬುದು ತನ್ನ ಬಲದಿಂದಷ್ಟೇ ನಿಲ್ಲುವುದಿಲ್ಲ. ಬುಡದ ಮರಳೇ ಅದಕ್ಕೆ ಊರುಗೋಲು. ಮರಳನ್ನು ತೆಗೆದರೆ ಗೋಡೆಯ ಪಾಯವನ್ನೇ ಬಗೆದಂತೆ. ತಿರುವಿನಲ್ಲಿ ನೀರಿನ ಸೆಳೆತ ಹೊರದಡದ ಬುಡವನ್ನು ಕೊರೆದು, ಒಳದಡದಲ್ಲಿ ಮರಳು ಹಾಸುತ್ತದೆ. ಆಚೆಯವರಿಗೆ ದಿಬ್ಬ, ಈಚೆಯವರಿಗೆ ಕಮರಿ. 2021ರ ನವೆಂಬರಿನಲ್ಲಿಯೂ 2022ರ ಮಳೆಗಾಲದಲ್ಲಿಯೂ ಜಯಮಂಗಲಿ ದಡ ತುಂಬಿ ಹರಿದಾಗ ಜನ ಹೂವು ಹಾಕಿ ಕೈಮುಗಿದರು. ಬರದ ನಾಡಿನವರಿಗೆ ಮೊದಲು ಹುಟ್ಟುವುದು ಸಂತೋಷವೇ. ಮಾವನ ತೆಂಗಿನ ಎರಡು ಸಾಲುಗಳು ಉರುಳಿದ್ದು ಆ ಅಬ್ಬರದಲ್ಲಿ ಅಲ್ಲ, ನೀರಿಳಿದ ಮೂರನೆಯ ದಿನ, ಎಳೆಬಿಸಿಲಿನಲ್ಲಿ.

“ನೀರು ಒತ್ತಿಕೊಂಡು ನಿಂತಿರುವವರೆಗೂ ದಡ ನಿಂತಿತ್ತು ಕಣಪ್ಪಾ. ನೀರು ಕೈಬಿಡ್ತು, ದಡ ಬಿತ್ತು,” ಎಂದರು ಮಾವ.

ಎಂಜಿನಿಯರಿಂಗ್ ಓದಿದವರು ಹೇಳುವುದೂ ಇದನ್ನೇ. ನೆನೆದು ಭಾರವಾದ ಮಣ್ಣಿಗೆ ಎದುರಿನ ನೀರಿನ ಒತ್ತು ಥಟ್ಟನೆ ತಪ್ಪಿದರೆ ಅದು ಜಾರುತ್ತದೆ.

ಅರ್ಜಿಗಳ ಫಲವಾಗಿ ಒಬ್ಬ ತರುಣ ಎಂಜಿನಿಯರು ಬಂದರು. ಮಾವನ ದಡದ ಉದ್ದಕ್ಕೂ ಆಳೆತ್ತರದ ಗೋಡೆ ಎಂಬುದು ಅವರು ತಂದ ಅಂದಾಜು. ಗೋಡೆಯೆಂದರೆ ಎಷ್ಟು ಕೆಲಸ ಎಂಬುದನ್ನು ಆ ದಿನ ಅರಿತೆ. ಹಿಂದಿನ ನೆರೆಗಳು ಯಾವ ಮಟ್ಟಕ್ಕೆ ಬಂದಿದ್ದವೆಂದು ಗುಡಿಯ ಮೆಟ್ಟಿಲು, ಮರದ ಕಾಂಡಗಳ ಮೇಲಿನ ಗುರುತುಗಳನ್ನು ನೋಡಬೇಕು. ಕಲ್ಲುಕಟ್ಟಿನ ಹಿಂದೆ ಜಲ್ಲಿಯ ಪದರ ಇರಬೇಕು. ಇಲ್ಲದಿದ್ದರೆ ಸಂದುಗಳಲ್ಲಿ ಮಣ್ಣು ಸೋರಿ ಕಲ್ಲುಗಳು ಕುಣಿಯಲ್ಲಿ ಕೂರುತ್ತವೆ. ಬುಡದಲ್ಲಿ ಬಿಡಿಕಲ್ಲುಗಳನ್ನು ಅಗಲವಾಗಿ ಹಾಸಬೇಕು; ಹೊಳೆ ಕೊರೆದಂತೆ ಅವು ತಾವೇ ಜಾರಿ ಕೊರಕಲನ್ನು ಮುಚ್ಚುತ್ತವೆ. ಗೋಡೆಯ ಎರಡು ತುದಿಗಳನ್ನು ಗಟ್ಟಿನೆಲದೊಳಕ್ಕೆ ಹೊಗಿಸದಿದ್ದರೆ ನೀರು ಸುತ್ತಿಕೊಂಡು ಬೆನ್ನಿಗೆ ಬರುತ್ತದೆ. ತಳದ ಮರಳು ಹೋಗುತ್ತಲೇ ಇದ್ದರೆ ಇದೆಲ್ಲವೂ ದಂಡ. ಈ ಕೊನೆಯ ಮಾತನ್ನು ಎಂಜಿನಿಯರು ತುಸು ಮೆಲ್ಲಗೆ ಹೇಳಿದರು.

ಮಾವ ಎಲ್ಲವನ್ನೂ ಕೇಳಿ, ಆಚೆಯ ದಡದ ತಗ್ಗಿನಲ್ಲಿದ್ದ ಹತ್ತಾರು ಹೆಂಚಿನ ಮನೆಗಳತ್ತ ಗದ್ದ ಎತ್ತಿ, “ಈಚೆ ಏರಿಸಿದರೆ ನೀರು ಎತ್ತ ಹೋಗ್ತದೆ ಸ್ವಾಮಿ?” ಎಂದರು.

“ಆ ಕಡೆಗೂ ಗೋಡೆ ಬರುತ್ತದೆ ಯಜಮಾನರೆ. ಎರಡನೆಯ ಹಂತದಲ್ಲಿ, ಹಣ ಬಂದಾಗ.”

ಆಚೆಯವರೊಡನೆ ಮಾವನಿಗೆ ಸ್ನೇಹವೇನೂ ಇಲ್ಲ. ದನ ಹೊಕ್ಕ ಜಗಳ ಪಂಚಾಯಿತಿಯ ಕಟ್ಟೆಯವರೆಗೂ ಹೋಗಿದೆ. ಆದರೂ ಅವರು ತೋಟದೊಳಕ್ಕೆ ನಲವತ್ತು ಹೆಜ್ಜೆ ಎಣಿಸಿ ನಡೆದು, ಅಲ್ಲೊಂದು ಕಲ್ಲು ನೆಟ್ಟರು. ಗೋಡೆ ಬೇಡ, ದಡವನ್ನು ಇಳಿಜಾರು ಮಾಡಿ ಬುಡಕ್ಕೆ ಕಲ್ಲು ಹಾಸಿ, ಮೇಲೆ ಲಾವಂಚ, ಲಕ್ಕಿ, ಹೊಂಗೆ ಹಚ್ಚಲಿ, ಮಣ್ಣಿನ ಏರಿ ಈ ಕಲ್ಲಿನ ಬಳಿ, ಒಳಗೆ, ಬರಲಿ, ನಡುವಿನ ನೆಲ ದೊಡ್ಡ ನೆರೆ ಬಂದ ದಿನ ಹೊಳೆಗಿರಲಿ ಎಂಬುದು ಅವರ ಸೂಚನೆ. ಆ ನಲವತ್ತು ಹೆಜ್ಜೆಯಲ್ಲಿ ಮೂರು ಸಾಲು ತೆಂಗು ನಿಂತಿವೆ.

ಹಾಲೆಂಡ್ ದೇಶದವರು ಶತಮಾನಗಳ ಕಾಲ ಏರಿಯ ಮೇಲೆ ಏರಿ ಎತ್ತರಿಸಿದವರು. 1995ರ ನೆರೆಯಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಡಬೇಕಾಯಿತು. ಆಮೇಲೆ ಕೆಲವು ಕಡೆ ಏರಿಗಳನ್ನೇ ಹಿಂದಕ್ಕೆ ಸರಿಸಿ, ನದಿಗೆ ಜಾಗ ಬಿಡುವ ಯೋಜನೆಯನ್ನು ಅವರು ಕೈಗೊಂಡರು. ಇದನ್ನು ನಾನು ಹೇಳಿದಾಗ ಮಾವ, “ಅವರಿಗೂ ಮೂರು ಸಾಲು ಹೋಯ್ತಾ?” ಎಂದು ಕೇಳಿದರು. ರೈತರು ಕೆಲವರು ನೆಲವನ್ನೇ ಬಿಟ್ಟುಕೊಡಬೇಕಾಯಿತು, ಆದರೆ ಸರಕಾರ ಪರಿಹಾರ ಕೊಟ್ಟಿತು ಎಂದೆ. ಮಾವ ಎಂಜಿನಿಯರ ಮುಖ ನೋಡಿದರು. ಎಂಜಿನಿಯರು ನಕ್ಷೆ ಮಡಿಸತೊಡಗಿದರು.

ಮಾವನ ಮಗನಿಗೆ ಈ ಔದಾರ್ಯ ಹಿಡಿಸಲಿಲ್ಲ. ಅವನು ಆ ತೋಟದ ಮೇಲೆ ಸಾಲ ಮಾಡಿದ್ದಾನೆ, ಮಗಳನ್ನು ತುಮಕೂರಿನಲ್ಲಿ ಓದಿಸುತ್ತಿದ್ದಾನೆ. “ಆಚೆಯವರಿಗಾಗಿ ನಾವು ಯಾಕಪ್ಪಾ ಮುಳುಗಬೇಕು? ಅವರು ತಗ್ಗಿನಲ್ಲಿ ಕಟ್ಟಿಕೊಂಡದ್ದು ನಮ್ಮ ತಪ್ಪೇ?” ಎಂಬ ಅವನ ಪ್ರಶ್ನೆಗೆ ಒಪ್ಪುವಂಥ ಉತ್ತರ ನನ್ನಲ್ಲಿಲ್ಲ. ದಡದ ಎರಡೂ ಕಡೆಯನ್ನು ಒಂದೇ ನಕ್ಷೆಯಲ್ಲಿ, ಒಂದೇ ಹಂತದಲ್ಲಿ ಬರೆಯದೆ, ಹೊಳೆಯ ಲೆಕ್ಕವನ್ನು ಅಪ್ಪ ಮಕ್ಕಳ ನಡುವೆ ಹಾಕುವ ಯೋಜನೆಯ ಮೇಲೆ ಮಾತ್ರ ನನಗೆ ಸಿಟ್ಟಿದೆ.

ಹೊಸ ಸೂಚನೆಯ ಕಾಗದಕ್ಕೆ ಮಾವ ರುಜು ಹಾಕಿದ್ದಾರೆ. ಜಂಟಿ ಖಾತೆಯಾದ್ದರಿಂದ ಮಗನ ರುಜುವೂ ಬೇಕು, ಅವನಿನ್ನೂ ಹಾಕಿಲ್ಲ. ಮಾವ ಮಾತ್ರ ದಿನವೂ ಎರಡು ಕೊಡ ನೀರು ಹೊತ್ತು ಹೋಗಿ, ಬಿರುಕು ಬಿಟ್ಟ ದಡದಲ್ಲಿ ತಾವು ನೆಟ್ಟ ಲಕ್ಕಿಯ ಕಡ್ಡಿಗಳಿಗೆ ಹನಿಸುತ್ತಾರೆ. ಹೊಳೆಯಲ್ಲಿ ಈಗ ನೀರಿಲ್ಲ, ಕೊಳವೆಬಾವಿಯಿಂದ ತರಬೇಕು.