ಡಿಎಸ್‌ಸಿ_0417 ಯಾರ ಕಡೆಯವರು?

ಮದುವೆ ಮುಗಿದ ಮೇಲೆ ಶುರುವಾಗುವ ತಾಪತ್ರಯ ಒಂದಿದೆ, ಆಲ್ಬಮ್ಮಿಗೆ ಫೋಟೋ ಆರಿಸುವುದು. ಸ್ಟುಡಿಯೋದವರು ಪೆನ್‌ಡ್ರೈವ್ ತುಂಬ ಫೋಟೋ ಸುರಿದುಕೊಟ್ಟು, "ಬೇಕಾದ್ದರ ನಂಬರ್ ವಾಟ್ಸಾಪ್ ಮಾಡಿ ಸಾರ್" ಅಂದುಬಿಡುತ್ತಾರೆ. ಮನೆಮಂದಿಯೆಲ್ಲ ಕಂಪ್ಯೂಟರ್ ಮುಂದೆ ಜಮಾಯಿಸುತ್ತಾರೆ. ಅತ್ತೆ ಕಣ್ಣು ಮುಚ್ಚಿದ್ದು ಬೇಡ, ಸೋದರಮಾವನ ಪೇಟ ಕಾಣಲೇಬೇಕು, ಬೀಗರು ಬಿಟ್ಟುಹೋದರೆ ದೊಡ್ಡ ರಾಮಾಯಣ. ನಮ್ಮಕ್ಕ ಹೀಗೆ ಹೆಣಗಿ ಮಗಳ ಮದುವೆಯ ಪಟ್ಟಿ ಕಳಿಸಿದ್ದಳು. ಆಲ್ಬಮ್ ಬಂದ ದಿನವೇ ನನಗೆ ಫೋನು.

"ಏನೋ ಇದು, ಧಾರೆ ಪುಟದಲ್ಲಿ ಯಾರೋ ಪಾಯಸ ಸುರೀತಾ ಕೂತಿದಾರೆ!"

"ಬೀಗರ ಕಡೆಯವರಿರಬೇಕು ಕಣಕ್ಕಾ."

"ಅವರನ್ನೂ ಕೇಳಿದೆ. ನಿಮ್ಮ ಕಡೆಯವರು ಅಂತಾರೆ."

ಆಗಿದ್ದಿಷ್ಟೇ. ಮದುವೆಗೆ ಬಂದಿದ್ದವು ಎರಡು ಕ್ಯಾಮೆರಾ, ಎರಡೂ ಒಂದೇ ಕಂಪನಿಯವು. ಮಂಟಪದ ಕ್ಯಾಮೆರಾ ಧಾರೆಗೆ ಕೊಟ್ಟ ಡಿಎಸ್‌ಸಿ_0417 ಎಂಬ ಹೆಸರನ್ನೇ ಊಟದ ಹಾಲಿನದು ಪಂಕ್ತಿಗೂ ಕೊಟ್ಟಿತ್ತು. ಪಾಪ, ಕ್ಯಾಮೆರಾ ತಾನೇ ಏನು ಮಾಡೀತು? 1998ರಲ್ಲಿ ಜಪಾನಿನಲ್ಲಿ ಮಾಡಿದ ನಿಯಮದ ಪ್ರಕಾರ ಅದು ಇಡುವ ಹೆಸರಿಗೆ ಎಂಟೇ ಜಾಗ. ಮೊದಲ ನಾಲ್ಕು ಕಂಪನಿಯ ಇಷ್ಟ, ಉಳಿದ ನಾಲ್ಕು ಅಂಕಿ. 9999 ಮುಟ್ಟಿದರೆ ಮತ್ತೆ 0001. ಹಳೆಯ ಡಾಸ್ ಕಾಲದ ಎಂಟಕ್ಷರದ ಕಟ್ಟುಪಾಡು ಇನ್ನೂ ನಮ್ಮ ಮದುವೆಮನೆಗಳಲ್ಲಿ ಓಡಾಡಿಕೊಂಡಿದೆ.

ಆದ್ದರಿಂದ ಹೆಸರು ನಾವೇ ಇಡಬೇಕು, ಮೊದಲಿಗೆ ತಾರೀಖು. ಇಲ್ಲೊಂದು ತಕರಾರು. ತಾರೀಖನ್ನು ನಾವು ದಿನದಿಂದ ಶುರುಮಾಡುವವರು. 1/11/2023 ಅಂತ ಬರೆಯಹೋದರೆ ವಿಂಡೋಸ್ ಆ ಓರೆಗೆರೆಯನ್ನು ಒಪ್ಪುವುದೇ ಇಲ್ಲ. ಸರಿ, 01-11-2023 ಅಂತ ಅಡ್ಡಗೆರೆ ಎಳೆದಿರಿ ಅನ್ನಿ. ಕಂಪ್ಯೂಟರ್ ಎಡದಿಂದ ಓದಿಕೊಂಡು ಹೋಗಿ ಎಲ್ಲ ತಿಂಗಳ, ಎಲ್ಲ ವರ್ಷದ ಒಂದನೇ ತಾರೀಖುಗಳನ್ನೂ ಒಟ್ಟಿಗೆ ಕೂರಿಸುತ್ತದೆ. 2024ರ ಹೊಸವರ್ಷದ ಕೇಕು ಮೊದಲು, 2023ರ ರಾಜ್ಯೋತ್ಸವದ ಬಾವುಟ ಆಮೇಲೆ, ಅದರ ಬೆನ್ನಿಗೆ 2019ರ ಗಾಂಧಿ ಜಯಂತಿ! 2023-11-01 ಎಂದು ವರ್ಷ ಮುಂದಿಟ್ಟರೆ ಎಲ್ಲವೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. 1988ರಲ್ಲೇ ಐಎಸ್‌ಒ 8601 ಎಂಬ ಅಂತಾರಾಷ್ಟ್ರೀಯ ಮಾನಕ ಈ ಕ್ರಮ ಹೇಳಿದೆ. ಮುಂದೆ ಊರು, ಸಂದರ್ಭವನ್ನು ಧಾರಾಳವಾಗಿ ಕನ್ನಡದಲ್ಲೇ ಬರೆಯಿರಿ. ಯೂನಿಕೋಡ್ ಆಗಿದ್ದರೆ ಸಾಕು.

ತಾರೀಖಿನ ಗೊಡವೆ ಯಾಕೆ, ಫೋಟೋದೊಳಗೇ ಇರುತ್ತದಲ್ಲ ಎನ್ನುವ ಜಾಣರಿದ್ದಾರೆ. ನಿಜ, ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ ತಾರೀಖು, ಗಂಟೆ, ಫೋನಿನದಾದರೆ ಒಮ್ಮೊಮ್ಮೆ ಅಕ್ಷಾಂಶ-ರೇಖಾಂಶ ಸಹ ಇರುತ್ತವೆ. ಆದರೆ ಫೋಟೋವನ್ನು ಎಲ್ಲರೂ ಮಾಡುವಂತೆ ವಾಟ್ಸಾಪಿನಲ್ಲಿ ಕಳಿಸಿ ನೋಡಿ, ಟಿಪ್ಪಣಿ ಮಾಯ. ಐಎಂಜಿ-20231101-ಡಬ್ಲ್ಯುಎ0007 ಎಂಬ ಹೆಸರಿನಲ್ಲಿರುವುದು ಫೋಟೋ ತೆಗೆದ ದಿನವಲ್ಲ, ನಿಮ್ಮ ಫೋನಿಗೆ ಬಂದ ದಿನ. ಅಜ್ಜನ ಷಷ್ಟ್ಯಬ್ದಿಯ ಫೋಟೋವನ್ನು ನಿನ್ನೆ ಯಾರೋ ಕಳಿಸಿದರೆ ಷಷ್ಟ್ಯಬ್ದಿ ನಿನ್ನೆಯೇ ಆದಂತೆ.

ಇಷ್ಟೆಲ್ಲ ಆದರೂ, ಪಾಯಸ ಸುರಿಯುತ್ತಿದ್ದವರು ಯಾರು ಎಂದು ಯಾವ ಕ್ಯಾಮೆರಾವೂ ಬರೆದಿಡುವುದಿಲ್ಲ. ಈಗಿನ ತಂತ್ರಾಂಶಗಳು ಒಂದೇ ಮುಖದ ಫೋಟೋಗಳನ್ನು ಗುಡ್ಡೆ ಹಾಕಿ, "ಇವರು ಯಾರು?" ಎಂದು ನಮ್ಮನ್ನೇ ಕೇಳುತ್ತವೆ. ಕಪ್ಪು-ಬಿಳುಪಿನ ಕಾಲದವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ಇದ್ದದ್ದೇ ನಾಲ್ಕು ಫೋಟೋ, ಅವುಗಳ ಬೆನ್ನ ಮೇಲೆ ಮಸಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರೂ.

ಆದ್ದರಿಂದ ಮುಂದಿನ ಸಲ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ಯಿರಿ. ದೊಡ್ಡಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಫೋಟೋ ತೋರಿಸಿ, ಅವರು ಹೇಳಿದ ಹೆಸರನ್ನು ಎಫ್2 ಒತ್ತಿ ಫೈಲಿನ ಹೆಸರಿಗೆ ಆಗಲೇ ಸೇರಿಸಿಬಿಡಿ. ಆಮೇಲೆ ನೋಡೋಣ ಅನ್ನಬೇಡಿ, ಅವರಿಗೆ ವಯಸ್ಸಾಗಿದೆ.