ಒಂದು ಫೈಲು, ಮೂರು ತಾರೀಖು

ಪತ್ರ ಬರಹಗಾರರ ಕಸುಬೆಲ್ಲ ನಿಂತಿರುವುದು ತಾರೀಖಿನ ಮೇಲೆ. ಒಂದು ಕ್ರಯಪತ್ರಕ್ಕೆ ಬರೆದುಕೊಟ್ಟ ದಿನ ಬೇರೆ, ನೋಂದಣಿಯಾದ ದಿನ ಬೇರೆ, ಮುಂದೆಂದೋ ಕಚೇರಿಯಿಂದ ತೆಗೆಸಿದ ದೃಢೀಕೃತ ನಕಲಿನ ದಿನ ಇನ್ನೂ ಬೇರೆ. 1908ರ ನೋಂದಣಿ ಕಾಯಿದೆಯಂತೆ ಬರೆದುಕೊಟ್ಟ ನಾಲ್ಕು ತಿಂಗಳೊಳಗೆ ಪತ್ರವನ್ನು ಹಾಜರುಪಡಿಸಬೇಕು. ಆಮೇಲೆ ಅದಕ್ಕೆ ಬಲ ಬರುವುದು ಸಾಮಾನ್ಯವಾಗಿ ನೋಂದಣಿಯ ದಿನದಿಂದಲ್ಲ, ಬರೆದುಕೊಟ್ಟ ದಿನದಿಂದ. ವಸಂತಪುರದಲ್ಲಿ, ವಸಂತ ವಲ್ಲಭರಾಯಸ್ವಾಮಿ ಗುಡಿಗೆ ಹತ್ತಿರದಲ್ಲೇ ಮನೆ ಮಾಡಿಕೊಂಡಿರುವ ಪತ್ರ ಬರಹಗಾರರೊಬ್ಬರು ಇಪ್ಪತ್ತೈದು ವರ್ಷ ಈ ವ್ಯತ್ಯಾಸಗಳಲ್ಲೇ ಕಣ್ಣು ಸವೆಸಿದವರು. ಮಗಳ ಕಂಪ್ಯೂಟರಿನ ಫೈಲಿಗೂ ಹೀಗೆ ಮೂರು ತಾರೀಖು ಇರುತ್ತವೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು 2023ರ ಮಾರ್ಚ್‌ನಲ್ಲಿ. ಮಗಳು ಆಗ ಡಿಪ್ಲೊಮಾ ಎರಡನೆಯ ವರ್ಷ. ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಪ್ರೋಗ್ರಾಮೊಂದನ್ನು ಬರೆದು ತರಲು ಕಾಲೇಜಿನಲ್ಲಿ ಹೇಳಿದ್ದರು. ಅವಳು ಮೂರು ವಾರ ಕೂತು, 11ನೇ ತಾರೀಖು ಶನಿವಾರ ರಾತ್ರಿ ಅದನ್ನು ಮುಗಿಸಿದಳು. ಭಾನುವಾರ ಗೆಳತಿ ಬಂದು, ‘ಸುಮ್ಮನೆ ನೋಡಿ ಕೊಡ್ತೀನಿ ಕಣೇ’ ಎಂದು ಅದನ್ನು ತನ್ನ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡಳು. ಮಂಗಳವಾರ ಬೆಳಿಗ್ಗೆ ಇವಳೂ ತನ್ನ ಪ್ರತಿಯನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋದಳು. ಉಪನ್ಯಾಸಕರು ನೋಡುತ್ತಾರೆ, ಎರಡು ಪ್ರೋಗ್ರಾಮುಗಳೂ ಅಕ್ಷರಶಃ ಒಂದೇ. ಗೆಳತಿಯ ಫೈಲಿನ ತಾರೀಖು ಮಾರ್ಚ್ 11, ಇವಳದು ಮಾರ್ಚ್ 14. ಕದ್ದವರು ಯಾರೆಂದು ತೀರ್ಮಾನಿಸಲು ಅವರಿಗೆ ಇನ್ನೇನು ಬೇಕು? ‘ನಾಳೆ ನಿಮ್ಮ ತಂದೇನ ಕರ್ಕೊಂಡು ಬಾ’ ಎಂದರು.

ಮನೆಯಲ್ಲಿ ತಂದೆಯ ಮೊದಲ ಮಾತೂ ಅದೇ ಧಾಟಿಯದು: ‘ಅಲ್ಲಮ್ಮಾ, ತಾರೀಖು ಸುಳ್ಳು ಹೇಳುತ್ತಾ?’ ಅಷ್ಟು ವರ್ಷ ಪತ್ರ ಬರೆದವರ ಬಾಯಲ್ಲಿ ಈ ಪ್ರಶ್ನೆ ಬರಬಾರದಿತ್ತು. ಆದರೆ ಮಕ್ಕಳ ವಿಷಯ ಬಂದಾಗ ತಂದೆತಾಯಿಯರು ಕಸುಬಿನ ವಿವೇಕವನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಬರುವುದುಂಟು.

ಹುಡುಗಿ ಅಳಲಿಲ್ಲ. ಲಿನಕ್ಸ್ ಹಾಕಿದ ತನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ಕಪ್ಪು ಪರದೆಯಲ್ಲಿ ಎಲ್, ಎಸ್ ಎಂಬ ಎರಡು ಅಕ್ಷರ, ಒಂದು ಜಾಗ ಬಿಟ್ಟು ಅಡ್ಡಗೆರೆ, ಮತ್ತೊಂದು ಎಲ್ ಒತ್ತಿದಳು. ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲೇ ಇದ್ದ ಆದೇಶವಿದು. ಫೈಲುಗಳ ಪಟ್ಟಿ ಸಾಲಾಗಿ ಬಂತು, ಒಂದೊಂದರ ಎದುರಿಗೂ ತಾರೀಖು. ಕೆಲವದರ ಮುಂದೆ ಗಂಟೆ ನಿಮಿಷ, ಕೆಲವದರ ಮುಂದೆ ಬರೀ ಇಸವಿ. ಅದ್ಯಾಕೆ ಹಾಗೆ ಎಂದರು ತಂದೆ. ಆರು ತಿಂಗಳಿಗಿಂತ ಹಳೆಯದಾದರೆ ಈ ಪಟ್ಟಿ ಗಂಟೆ ಬಿಟ್ಟು ಇಸವಿ ತೋರಿಸುತ್ತದೆ. ಮೂಲ ಫೈಲಿನ ಎದುರಿಗೆ ಸ್ಪಷ್ಟವಾಗಿ ಮಾರ್ಚ್ 11, 21:40 ಎಂದಿತ್ತು. ಯಂತ್ರದೊಳಗೆ ಅದು ತಾರೀಖಾಗಿ ಇರುವುದಿಲ್ಲ. 1970ರ ಜನವರಿ 1ರಂದು, ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆಯಿಂದ, ಎಣಿಸಿದ ಸೆಕೆಂಡುಗಳಾಗಿ ಇರುತ್ತದೆ. ಆ ಶನಿವಾರದ 9.40ಕ್ಕೆ ಎಣಿಕೆ 167 ಕೋಟಿ 85 ಲಕ್ಷ 51 ಸಾವಿರ.

ಹಾಗಾದರೆ 14 ಎಲ್ಲಿಂದ ಬಂತು? ಗೆಳತಿ ತೆಗೆದುಕೊಂಡದ್ದು ಮೌಸಿನಿಂದ ಎಳೆದು. ಹಾಗೆ ಎಳೆದಾಗ ಸಾಮಾನ್ಯವಾಗಿ ತಿದ್ದುಪಡಿಯ ಹಳೆಯ ತಾರೀಖೂ ಜೊತೆಗೆ ಹೋಗುತ್ತದೆ. ಅವಳು ಫೈಲಿಗೆ ತನ್ನ ರಿಜಿಸ್ಟರ್ ನಂಬರಿನ ಹೆಸರಿಟ್ಟರೂ ತಾರೀಖು ಕದಲಲಿಲ್ಲ. ಹೆಸರು ಬದಲಿಸುವುದು ಒಳಗಿನ ಬರಹವನ್ನು ಮುಟ್ಟುವುದಿಲ್ಲ. ಇವಳು ಜಾಣೆ, ಸಿ.ಪಿ. ಎಂಬ ಆದೇಶ ಒತ್ತಿ ನಕಲು ಮಾಡಿದ್ದಳು. ಅದು ನಕಲಿಗೆ ಆ ಗಳಿಗೆಯ ತಾರೀಖನ್ನೇ ಹಾಕುತ್ತದೆ. ದೃಢೀಕೃತ ನಕಲಿನ ತಾರೀಖು ನೋಡಿ ಕ್ರಯದ ದಿನ ಹೇಳಿದಂತಾಗಿತ್ತು ಉಪನ್ಯಾಸಕರ ನ್ಯಾಯ. ಇಷ್ಟು ಹೇಳಿದ್ದೇ ತಡ, ತಂದೆಗೆ ಉಳಿದದ್ದು ತಾನಾಗಿ ಹೊಳೆಯಿತು.

ಆದರೂ ಪತ್ರ ಬರಹಗಾರರ ಅನುಮಾನ ಸುಲಭಕ್ಕೆ ಹೋಗುವಂಥದ್ದಲ್ಲ. ‘ಇದನ್ನ ತಿದ್ದಕ್ಕಾಗಲ್ವಾ?’ ಎಂದರು. ಆಗುತ್ತದೆ. ಟಚ್ ಎಂಬ ಆದೇಶದಿಂದ ಮಗಳು ಬೇರೊಂದು ಫೈಲಿಗೆ 2001ರ ತಾರೀಖು ಹಾಕಿ ತೋರಿಸಿದಳು. ತಂದೆಯ ಮುಖ ಇಳಿಯಿತು. ಆಗ ಅವಳು ಸ್ಟ್ಯಾಟ್ ಎಂದು ಒತ್ತಿದಳು. ಈಗ ಮೂರು ಸಮಯಗಳು ಒಂದರ ಕೆಳಗೊಂದು ಬಂದವು: ಕೊನೆಗೆ ಓದಿದ್ದು, ಒಳಗಿನ ಬರಹ ಕೊನೆಗೆ ತಿದ್ದಿದ್ದು, ಫೈಲಿನ ಹೆಸರು-ಹಕ್ಕು-ವಿವರಗಳು ಕೊನೆಗೆ ಬದಲಾದದ್ದು. (ಓದಿದ ಸಮಯವನ್ನು ಯಂತ್ರ ಪ್ರತಿ ಸಲವೂ ಬರೆದಿಡುವುದಿಲ್ಲ, ಅದನ್ನು ನೆಚ್ಚಬಾರದು.) ತಿದ್ದಿದ ಸಮಯ 2001 ಎಂದಿತ್ತು. ಮೂರನೆಯದು ಮಾತ್ರ ಇವತ್ತು, ಈಗ, ಎಂದಿತ್ತು. ಟಚ್‌ಗೆ ಅದನ್ನು ಹಿಂದಕ್ಕೆ ಸರಿಸಲು ಬರುವುದಿಲ್ಲ. ‘ಛಾಪಾ ಕಾಗದದ ಹಿಂದುಗಡೆ ವೆಂಡರ್ ಹಾಕಿದ ತಾರೀಖು!’ ಎಂದು ತಂದೆ ತೊಡೆ ತಟ್ಟಿಕೊಂಡರು. ಹಳೆಯ ದಿನ ನಮೂದಿಸಿದ ಎಷ್ಟೋ ಪತ್ರಗಳು ಸಿಕ್ಕಿಬಿದ್ದಿರುವುದು ಅಲ್ಲೇ. ಅವಳ ಮೂಲ ಫೈಲಿನಲ್ಲಿ ಎರಡನೆಯದೂ ಮೂರನೆಯದೂ ಅದೇ ಶನಿವಾರ ರಾತ್ರಿಯವು.

ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿದರೆ ಈ ಸಾಕ್ಷಿಯೂ ಕೆಡುತ್ತದೆ ಎಂಬುದನ್ನೂ ಮಗಳು ಮುಚ್ಚಿಡಲಿಲ್ಲ. ಅದಕ್ಕೇ ಅವಳು ಕಾಲೇಜಿಗೆ ಒಯ್ದದ್ದು ಒಂದು ತಾರೀಖನ್ನಲ್ಲ, ಲ್ಯಾಪ್‌ಟಾಪನ್ನೇ. ಅದರಲ್ಲಿ ಫೆಬ್ರುವರಿ 20ರಿಂದ ಬರೆದ ಆರು ಕರಡುಗಳಿದ್ದವು. ಮೊದಲನೆಯದು ಓಡುತ್ತಲೇ ಇರಲಿಲ್ಲ, ಮೂರನೆಯದರಲ್ಲಿ ದಂಡದ ಲೆಕ್ಕ ತಪ್ಪು, ಐದನೆಯದರಲ್ಲಿ ಸರಿ. ಉಪನ್ಯಾಸಕರು ಒಂದೊಂದಾಗಿ ತೆರೆದು ನೋಡಿದರು. ಆಮೇಲೆ ಇಬ್ಬರು ಹುಡುಗಿಯರಿಗೂ ಬೇರೆ ಬೇರೆಯಾಗಿ ದಂಡದ ಭಾಗ ವಿವರಿಸಲು ಹೇಳಿದರು. ಆ ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ಒಂದು ಮನೆಯಲ್ಲಿ ರಾತ್ರಿಯ ಊಟ ತಪ್ಪುತ್ತಿರಲಿಲ್ಲ. ಗೆಳತಿಗೆ ನಾಲ್ಕು ಸಾಲಿನಾಚೆ ಹೋಗಲಾಗಲಿಲ್ಲ. ಉಪನ್ಯಾಸಕರು ಅವಳಿಗೆ ಹೊಸ ಪ್ರೋಗ್ರಾಮು ಬರೆಯಲು ಒಂದು ವಾರ ಕೊಟ್ಟರು, ಇವಳಿಗೆ ಅಂಕ ಕೊಟ್ಟರು. ಕೇಳದೆ ಫೈಲು ಕೊಡಬೇಡ ಎಂದು ಗದರಿಸಿದ್ದೂ ಇವಳನ್ನೇ.

ಈಗ ಅವಳು ಸಿ.ಪಿ. ಮುಂದೆ ಅಡ್ಡಗೆರೆ ಮತ್ತು ಪಿ ಸೇರಿಸದೆ ನಕಲು ಮಾಡುವುದಿಲ್ಲ. ಹಾಗೆ ಸೇರಿಸಿದರೆ ಮೂಲದ ತಾರೀಖು ನಕಲಿಗೂ ಬರುತ್ತದೆ. ವಿಂಡೋಸ್ ಇರುವವರು ಫೈಲಿನ ವಿವರದಲ್ಲಿ ಸೃಷ್ಟಿಯಾದ ದಿನಕ್ಕಿಂತ ತಿದ್ದಿದ ದಿನ ಹಿಂದಿನದಾಗಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ಬೇರೆಲ್ಲಿಂದಲೋ ಬಂದ ನಕಲು, ಅಷ್ಟೆ. ಗೆಳತಿಯರಿಬ್ಬರೂ ಡಿಪ್ಲೊಮಾ ಮುಗಿಯುವವರೆಗೆ ದೊಡ್ಡಕಲ್ಲಸಂದ್ರದಲ್ಲಿ ಒಂದೇ ಮೆಟ್ರೊ ಹತ್ತುತ್ತಿದ್ದರು. ಮಾತು ಮತ್ತೆ ಶುರುವಾಗಲು ಎರಡು ತಿಂಗಳು ಹಿಡಿಯಿತು.